ಮಾವನ ಬಾರಿನ ಪರದೆ

ಸಾಕ್ಷಿ ಹೇಳಲು ಕಟಕಟೆ ಹತ್ತಿದ ಮಾವ ಮೊದಲು ಮಾಡಿದ ಕೆಲಸವೆಂದರೆ, ಹೆಗಲ ಮೇಲಿನ ಬಟ್ಟೆ ತೆಗೆದು ಎದುರಿಗಿದ್ದ ಮರದ ಪಟ್ಟಿಯನ್ನು ನೀಟಾಗಿ ಒರೆಸಿದ್ದು. ಎರಡನೆಯದು, ತಲೆಯೆತ್ತಿ ನ್ಯಾಯಾಧೀಶರನ್ನು ನೋಡಿ, "ಏನ್ ಕೊಡ್ಲಿ ಸಾರ್?" ಎಂದು ಕೇಳಿದ್ದು.

ಕೋರ್ಟು ಗೊಳ್ಳೆಂದು ನಕ್ಕಿತು. ಮಾವನ ವಕೀಲೆ, ಅಂದರೆ ಅವರ ಸ್ವಂತ ಅಕ್ಕನ ಮಗಳು, ಫೈಲಿನಲ್ಲಿ ಮುಖ ಹುದುಗಿಸಿಕೊಂಡಳು. ನ್ಯಾಯಾಧೀಶರು ಮಾತ್ರ ನಗದೆ, "ಸದ್ಯಕ್ಕೆ ಸತ್ಯ ಕೊಡಿ, ಸಾಕು" ಎಂದರು.

ತಪ್ಪು ಮಾವನದಲ್ಲ, ಕೈಯದು. ಅರ್ಧ ಆಯುಷ್ಯ ಬಾರಿನ ಕೌಂಟರಿನ ಹಿಂದೆ ಕಳೆದ ಮನುಷ್ಯ. ಯಾರಿಗೂ ಮಗಳನ್ನು ಕೊಡದೆ ಊರಿಗೆಲ್ಲ ಮಾವನಾದವರು. ಅವರದು ಗೇ ಬಾರು. ಗಂಡಸನ್ನು ಮೆಚ್ಚಿದ ಗಂಡಸರು, ಹೆಂಗಸನ್ನು ಮೆಚ್ಚಿದ ಹೆಂಗಸರು ಬಂದು, 'ಮದುವೆ ಯಾವಾಗ?' ಎಂಬ ಪ್ರಶ್ನೆಯ ಕಾಟವಿಲ್ಲದೆ ಒಂದು ಗ್ಲಾಸು ಹಿಡಿದು ಕೂರುವ ಜಾಗ. ಮಹಡಿಯ ಮೇಲೆ ಮಾವನ ಮನೆ, ಜೊತೆಗೊಬ್ಬ ದರ್ಜಿ. ನೆರೆಯವರು ದರ್ಜಿಯನ್ನು ಬಾಡಿಗೆದಾರ ಎನ್ನುತ್ತಿದ್ದರು. ಉಪ್ಪು ಹೆಚ್ಚಾಯಿತೆಂದು ವರ್ಷಗಟ್ಟಲೆ ಜಗಳ ಕಾಯುವ ಬಾಡಿಗೆದಾರನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗಿರುವಾಗ ಲೈಸೆನ್ಸಿನ ನಿಯಮಗಳಿಗೆ ಹೊಸದೊಂದು ಸಾಲು ಸೇರಿತು: 'ಸಾರ್ವಜನಿಕ ಸಭ್ಯತೆಗೆ ಧಕ್ಕೆ ತರುವ ವಾತಾವರಣ ಇರಕೂಡದು.' ಸಭ್ಯತೆ ಎಂದರೇನೆಂದು ಯಾರೂ ಬರೆದಿರಲಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಲಂಗದ ಉದ್ದ ಅಳೆಯುತ್ತಿದ್ದ ಸಿಸ್ಟರ್ ಕೈಯಲ್ಲಿ ಸ್ಕೇಲಾದರೂ ಇತ್ತು. ಇಲ್ಲಿ ಇನ್‌ಸ್ಪೆಕ್ಟರ ಕಣ್ಣೇ ಸ್ಕೇಲು. ಆ ಕಣ್ಣು ಬೀದಿಯ ಬೇರೆ ಬಾರುಗಳತ್ತ ಹೊರಳಿದ್ದೇ ಇಲ್ಲ.

"ಒಳಗೆ ಇಬ್ರು ಕೈ ಹಿಡ್ಕೊಂಡು ಕೂತಿದ್ದು ಬೀದಿಗೆ ಕಾಣತ್ತೆ" ಎಂದರು ಇನ್‌ಸ್ಪೆಕ್ಟರು. ದರ್ಜಿ ಕಿಟಕಿಗೆ ದಪ್ಪನೆಯ ಪರದೆ ಹೊಲಿದ.

"ಏನ್ರೀ ಅದು, ಪರದೆ ಹಿಂದೆ ಮುಚ್ಚಿಡೋವಂಥದ್ದು?" ದಂಡ ಬಿತ್ತು. ದರ್ಜಿ ತೆಳುವಾದದ್ದು ಹೊಲಿದ.

"ನೆರಳು ಕಾಣತ್ತೆ. ನೆರಳು ಇನ್ನೂ ಕೆಟ್ಟದ್ದು."

ಅರ್ಧ ಪರದೆ ಹಾಕಿದರೆ ಕೆಳಗೆ ಕಾಲು ಕಂಡಿತು. ಕೆಳಗಿನರ್ಧ ಮುಚ್ಚಿದರೆ ಮೇಲೆ ತಲೆ ಕಂಡಿತು. ಪರದೆಯ ಪರದಾಟ ಕೊನೆಗೆ ಲೈಸೆನ್ಸ್ ರದ್ದತಿಯ ನೋಟೀಸಿಗೆ ಬಂದು ನಿಂತಿತು.

"ಸ್ವಲ್ಪ ಬಗ್ಗಿ ಮಾವ, ಟೀ ಅಂಗಡಿ ಮಾಡ್ಕೊಳ್ಳಿ" ಎಂದು ಹಿತೈಷಿಗಳು ಬಂದರು.

"ಬಗ್ಗೋಕೆ ಸೊಂಟ ಬೇಡ್ವೇನಪ್ಪ? ನಂದು ಹಿಡ್ಕೊಂಡಿದೆ" ಎಂದ ಮಾವ, ಆ ನಿಯಮವನ್ನೇ ಪ್ರಶ್ನಿಸಿ ದಾವೆ ಹೂಡಿದರು. ನಾನು ಅವರನ್ನು ಮೆಚ್ಚಿದ್ದು ಇಲ್ಲಿ: ಬಾರಿಗೆ ಬರುವ ಒಬ್ಬರನ್ನೂ ಸಾಕ್ಷಿಗೆ ಕರೆಯಲಿಲ್ಲ. "ಅವರ ಮನೆ, ನೌಕರಿ ನಾನು ವಾಪಸ್ ಕೊಡಿಸೋಕಾಗತ್ತಾ?" ಎಂದು ಒಬ್ಬರೇ ಕಟಕಟೆ ಹತ್ತಿದರು. ಹತ್ತಿ ಅದನ್ನು ಒರೆಸಿದರು.

ನಗು ಅಡಗಿದ ಮೇಲೆ ಅಕ್ಕನ ಮಗಳು ಚೀಲದಿಂದ ಪರದೆಗಳನ್ನು ತೆಗೆದು ಮೇಜಿನ ಮೇಲೆ ಹರವಿ, ಇನ್‌ಸ್ಪೆಕ್ಟರನ್ನು ಕರೆದಳು. "ಇದ್ರಲ್ಲಿ ಸಭ್ಯವಾದದ್ದು ಯಾವುದು ಸಾರ್? ತೋರಿಸಿ, ಇವತ್ತೇ ನೇತು ಹಾಕ್ತಾರೆ."

ಇನ್‌ಸ್ಪೆಕ್ಟರು ಮಗಳ ಮದುವೆಗೆ ಜವಳಿ ಕೊಳ್ಳುವವರಂತೆ ಒಂದೊಂದನ್ನೂ ಮುಟ್ಟಿ ನೋಡಿದರು. "ಅದು... ನೋಡಿದ್ರೆ ಗೊತ್ತಾಗತ್ತೆ."

"ನೋಡಿದ್ರಲ್ಲ, ಹೇಳಿ" ಎಂದರು ನ್ಯಾಯಾಧೀಶರು.

ಇನ್‌ಸ್ಪೆಕ್ಟರು ತೆಳು ಪರದೆಯ ಅಂಚು ಮಡಚಿದರು, ಬಿಡಿಸಿದರು, ಮತ್ತೆ ದಪ್ಪನೆಯದಕ್ಕೆ ಕೈ ಹಾಕಿದರು.

ಪಾಲಿಸುವುದು ಹೇಗೆಂದು ಜಾರಿ ಮಾಡುವವರಿಗೇ ತಿಳಿಯದ ನಿಯಮವನ್ನು ಮುರಿದರೆಂದು ಯಾರನ್ನೂ ದಂಡಿಸಲಾಗದು ಎಂದಿತು ತೀರ್ಪು. ಆ ಸಾಲು ರದ್ದಾಯಿತು, ಲೈಸೆನ್ಸ್ ಉಳಿಯಿತು.

ಹೊರಗೆ ಮೆಟ್ಟಿಲ ಮೇಲೆ ಪತ್ರಕರ್ತೆಯೊಬ್ಬಳು ಮೈಕು ಹಿಡಿದಳು. "ಇಷ್ಟು ವರ್ಷ ಒಂಟಿಯಾಗಿ ಹೋರಾಡೋ ಧೈರ್ಯ ಎಲ್ಲಿಂದ ಬಂತು ಸಾರ್?"

ಘನತೆ, ಹಕ್ಕು ಎಂದೆಲ್ಲ ಅಕ್ಕನ ಮಗಳು ಬಾಯಿಪಾಠ ಮಾಡಿಸಿದ್ದಳು. ಮಾವ ಅವಳನ್ನು ನೋಡಲಿಲ್ಲ. ಪಕ್ಕದಲ್ಲಿ ಪರದೆಗಳನ್ನು ಮಡಚಿಡುತ್ತಿದ್ದ ದರ್ಜಿಯತ್ತ ಬೆರಳು ಮಾಡಿದರು.

"ಧೈರ್ಯ ಎಲ್ಲಿ ಬಂತಮ್ಮ? ಇನ್ನೊಂದು ಪರದೆ ಹೊಲಿ ಅಂದ್ರೆ ಮನೆ ಬಿಟ್ಟು ಹೋಗ್ತೀನಿ ಅಂದ್ಬಿಟ್ಟಿದ್ದ ಇವನು."