ಓಬಳೆಪ್ಪ ಮಿಸ್ತ್ರಿ ಕೂಡಿಸಿದ ಬರ್ಫದ ಕೊಳವೆಗಳು

ಅಳವಂಡಿಯ ಓಬಳೆಪ್ಪ ಕೊಳವೆಯ ಕೆಲಸ ಕಲಿತದ್ದು ಅರಳೆ ಕಾರ್ಖಾನೆಯ ಬಾಯ್ಲರಿನಲ್ಲಿ. ಉಗಿ ಎಲ್ಲಿ ಸೋರಿದರೂ ಬೆಳ್ಳಗೆ ಕಾಣುತ್ತದೆ, ಸದ್ದು ಮಾಡುತ್ತದೆ. ಆ ಕೆಲಸಕ್ಕೆ ಅವನ ಕಣ್ಣು ಕಿವಿ ಒಗ್ಗಿದ್ದವು. ೧೯೩೭ರಲ್ಲಿ ಯಲಬುರ್ಗಾದ ವ್ಯಾಪಾರಿ ಕಳಕಪ್ಪ ಕೊಪ್ಪಳದ ಸ್ಟೇಷನ್ನಿನ ಬಳಿ ಬರ್ಫದ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ ಹಾಕಿದಾಗ ಓಬಳೆಪ್ಪನನ್ನೇ ಕರೆಸಿಕೊಂಡ. ಯಂತ್ರದ ಜೊತೆ ಮುಂಬೈಯಿಂದ ಒಬ್ಬ ಮಿಸ್ತ್ರಿ ಬಂದಿದ್ದ. ಕೊಳವೆಯೊಳಗೆ ಹರಿಯುವ ಅಮೋನಿಯಾ ಅನಿಲ ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನೇ ಸುಡುತ್ತದೆ ಎಂದು ಅವನು ಮೊದಲ ದಿನವೇ ಹೇಳಿದ. ಅನಿಲ ತುಂಬುವ ಮೊದಲು ಬರೀ ಗಾಳಿ ತುಂಬಿ, ಕೊಳವೆಗಳು ಒಂದಕ್ಕೊಂದು ಸೇರುವ ಪ್ರತಿ ಕೂಡಿಗೆ ಸಾಬೂನಿನ ನೊರೆ ಬಳಿದು ನೋಡಬೇಕು. ಆಮೇಲೆ ಸೋರಿಕೆ ಹುಡುಕಲು ಗಂಧಕದ ಬತ್ತಿ ಹಚ್ಚಿ ಕೊಳವೆಯುದ್ದಕ್ಕೂ ಹಿಡಿದು ನಡೆಯಬೇಕು. ಸೋರುವ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ಎಲ್ಲಕ್ಕಿಂತ ಮುಖ್ಯ, ಕಬ್ಬಿಣ ಬಿಟ್ಟು ಬೇರೆ ಲೋಹ ಮುಟ್ಟಿಸಬಾರದು. ತಾಮ್ರವನ್ನೂ ಹಿತ್ತಾಳೆಯನ್ನೂ ಈ ಅನಿಲ ತಿಂದುಹಾಕುತ್ತದೆ.

ಓಬಳೆಪ್ಪ ಅದನ್ನೆಲ್ಲ ಕಲಿತ. ಮುಂಬೈಯವನು ಹೋದ ಮೇಲೆ ಕೊಳವೆಗಳೆಲ್ಲ ಅವನ ವಶಕ್ಕೆ ಬಂದವು, ಎಂಜಿನ್ನು ಅದನ್ನು ಓಡಿಸಲು ಸೇರಿದ್ದ ಇಬ್ರಾಹಿಂಸಾಬನ ವಶಕ್ಕೆ. ಒಳಗಿನ ಕೋಣೆಯಲ್ಲಿ ಉಪ್ಪುನೀರಿನ ತೊಟ್ಟಿ. ಅದರಾಚೆ ಮೂಲೆಯಲ್ಲಿ ಪಕ್ಕದ ಭಾಗ್ಯನಗರದ ಹುಲಗೆಮ್ಮ ಕೂತು, ಗಂಗಾವತಿಯಿಂದ ಬಂದ ಭತ್ತದ ಹೊಟ್ಟಿನಲ್ಲಿ ಬರ್ಫದ ಗಡ್ಡೆಗಳನ್ನು ಹೂತು ಚೀಲ ಕಟ್ಟುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ಹಿಡಿದ ಕೆಲಸ ಅದು. ಆ ಕೋಣೆಗೆ ಒಂದೇ ಬಾಗಿಲಿತ್ತು. ತಂಪು ಹೊರಗೆ ಹೋಗಬಾರದೆಂದು ಹಾಗೆ ಕಟ್ಟಿಸಿದ್ದರು.

ಯುದ್ಧದ ಕಾಲದಲ್ಲಿ, ೧೯೪೩ರ ಬೇಸಿಗೆಗೆ, ತೊಟ್ಟಿಯ ಪಕ್ಕದ ಕಬ್ಬಿಣದ ಕಾಕು, ಅಂದರೆ ಅನಿಲ ಬಿಡುವ ನಿಲ್ಲಿಸುವ ತಿರುಪು, ಬಿರುಕು ಬಿಟ್ಟಿತು. ಮುಂಬೈಗೆ ಬರೆದರೆ ಕಬ್ಬಿಣವೆಲ್ಲ ದಂಡಿಗೆ ಹೋಗುತ್ತಿದೆ, ಕಾಯಿರಿ ಎಂಬ ಉತ್ತರ ಬಂತು. ಊರಿನಲ್ಲಿ ಜ್ವರ ಹಬ್ಬಿತ್ತು, ದವಾಖಾನೆಯವರು ದಿನವೂ ಬರ್ಫಕ್ಕೆ ಆಳು ಕಳಿಸುತ್ತಿದ್ದರು. ಕಳಕಪ್ಪ ಎಲ್ಲಿಂದಲೋ ಒಂದು ಹಿತ್ತಾಳೆಯ ಕಾಕು ತಂದು ಓಬಳೆಪ್ಪನ ಮುಂದಿಟ್ಟ.

“ಇದು ಕೂಡತೈತೇನು ಮಿಸ್ತ್ರಿ?”

“ಕೂಡತೈತ್ರಿ ಸಾವ್ಕಾರ್ರ. ಆದ್ರ ಈ ಗ್ಯಾಸಿಗೆ ಹಿತ್ತಾಳಿ ತಡಿಯೂದಿಲ್ಲ.”

“ಕಬ್ಬಿಣದ್ದು ಬರೂತನಕ ಅಷ್ಟ.”

ಓಬಳೆಪ್ಪ ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದ. ಆಮೇಲೆ ಕೂಡಿಸಿದ. ಹುಲಗೆಮ್ಮನಿಗೆ ಯಾರೂ ಏನೂ ಹೇಳಲಿಲ್ಲ.

ಮೊದಮೊದಲು ಅವನು ಬೆಳಿಗ್ಗೆ ಸಂಜೆ ಬತ್ತಿ ಹಿಡಿದು ನೋಡುತ್ತಿದ್ದ. ಹೊಗೆ ಏಳಲಿಲ್ಲ. ದಿನ ಕಳೆದಂತೆ ಸಂಜೆಯ ತಪಾಸಣೆ ನಿಂತಿತು, ಬೆಳಗಿನದೂ ನೆನಪಾದಾಗಷ್ಟೇ ಆಯಿತು. ಕಬ್ಬಿಣದ ಕಾಕು ಬರಲಿಲ್ಲ. ಕಳಕಪ್ಪ ಅದರ ಮಾತೆತ್ತುವುದನ್ನು ಬಿಟ್ಟಿದ್ದ, ಓಬಳೆಪ್ಪನೂ ಕೇಳಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಕಾಕಿನ ಕುತ್ತಿಗೆ ಮುರಿಯಿತು. ಓಬಳೆಪ್ಪ ಅಂಗಳದಲ್ಲಿ ಕೊಳವೆಯನ್ನು ಅರದಿಂದ ಉಜ್ಜುತ್ತಿದ್ದ. ಘಾಟು ಹೊರಗೆ ಬಂದಾಗಲೇ ಅವನಿಗೆ ತಿಳಿಯಿತು. ಎಂಜಿನ್ನು ನಿಲ್ಲಿಸಲು ಇಬ್ರಾಹಿಂಸಾಬನಿಗೆ ಕೂಗಿ, ಹೆಗಲ ಮೇಲಿನ ಟವೆಲನ್ನು ನೀರಿಗೆ ಅದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋದ. ಮುರಿದ ಕಾಕು ಹುಲಗೆಮ್ಮನಿಗೂ ಬಾಗಿಲಿಗೂ ನಡುವೆ ಇತ್ತು. ಅವನು ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ, ಕಾಕಿಗೂ ಹಿಂದೆ ಅನಿಲವನ್ನೆಲ್ಲ ತಡೆಯುವ ದೊಡ್ಡ ತಿರುಪನ್ನು ಹುಡುಕಿ ಬಿಗಿದ. ಆಮೇಲೆ ಹೊಟ್ಟಿನ ರಾಶಿಗೆ ಮುಖ ಒತ್ತಿ ಬಿದ್ದಿದ್ದ ಅವಳನ್ನು ಎಳೆದು ತಂದ. ಇಬ್ರಾಹಿಂಸಾಬ ಕೊಡಗಟ್ಟಲೆ ನೀರು ಸುರಿದು ಇಬ್ಬರ ಕಣ್ಣನ್ನೂ ತೊಳೆದ. ಹುಲಗೆಮ್ಮನ ಬಲಗಣ್ಣು ಉಳಿಯಲಿಲ್ಲ. ಓಬಳೆಪ್ಪನ ಎದೆಗೆ ಅಂದು ಹತ್ತಿದ ಕೆಮ್ಮು ಮತ್ತೆ ಬಿಡಲಿಲ್ಲ.

ವಿಚಾರಣೆಗೆ ಬಂದ ನಿಜಾಮನ ಪೊಲೀಸ್ ಅಮೀನರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕಾಕು ತಾನಾಗಿ ಮುರಿದದ್ದೇ ಎಂದು ಕೇಳಿದರು. ಹೌದೆಂದರೆ ಮುಗಿಯುತ್ತಿತ್ತು.

“ನಾನ ಕೂಡಿಸೀನ್ರಿ,” ಎಂದ ಓಬಳೆಪ್ಪ. “ತಡಿಯೂದಿಲ್ಲ ಅಂತ ಗೊತ್ತಿತ್ತು.”

ಅಮೀನರು ಕಳಕಪ್ಪನ ಕಡೆ ನೋಡಿದರು. ತಂದು ಕೊಟ್ಟವನು ತಾನು, ಮಿಸ್ತ್ರಿ ಬೇಡವೆಂದೇ ಹೇಳಿದ್ದ ಎಂದ ಕಳಕಪ್ಪ. ಅಮೀನರು ಇಬ್ಬರ ಮಾತನ್ನೂ ಉರ್ದುವಿನಲ್ಲಿ ಬರೆದುಕೊಂಡು ಹೋದರು. ಅದರಿಂದ ಏನೂ ಆಗಲಿಲ್ಲ. ಕಬ್ಬಿಣದ ಕಾಕು ಸಿಗುವವರೆಗೆ ಕಾರ್ಖಾನೆ ಮುಚ್ಚಿತ್ತು, ಅಷ್ಟೆ.

ಆ ಬಿಡುವಿನಲ್ಲಿ ಓಬಳೆಪ್ಪ ಹುಲಗೆಮ್ಮನ ಮನೆಗೆ ಹೋದ. ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಒಂದೇ ಕಣ್ಣಿನಿಂದ ಕಲ್ಲು ಹೆಕ್ಕುವುದು ಇನ್ನೂ ರೂಢಿಯಾಗಿರಲಿಲ್ಲ. ತಪ್ಪು ತನ್ನದೆಂದು ಅವನು ಹೇಳತೊಡಗಿದ. ಅವಳು ತಡೆದಳು.

“ಅದನ್ನ ತಗೊಂಡು ನಾ ಏನ್ ಮಾಡ್ಲಿ ಅಣ್ಣಾ? ನಾ ಕೂಡೂ ಮೂಲಿಗೆ ಒಂದು ಬಾಗಿಲ ತಗಿಸು. ಬರ್ತೀನಿ.”

ಓಬಳೆಪ್ಪ ಅದನ್ನು ಕಳಕಪ್ಪನಿಗೆ ಹೇಳಿದ. ತಂಪು ಹೋಗುತ್ತದೆ ಎಂದು ಕಳಕಪ್ಪ ಒಂದು ಸಲ ಗೊಣಗಿದ, ಆಮೇಲೆ ಗೌಂಡಿಯನ್ನು ಕಳಿಸಿದ. ಗೋಡೆ ಒಡೆದಾಗ ಓಬಳೆಪ್ಪ ಕೊಳವೆಗಳನ್ನೂ ಬಿಚ್ಚಿದ. ತೊಟ್ಟಿಗೆ ಬೇಕಾದಷ್ಟನ್ನು ಮಾತ್ರ ಒಳಗೆ ಬಿಟ್ಟು, ಉಳಿದದ್ದನ್ನು ಗೋಡೆಯಾಚೆ ಹಾಯಿಸಿದ. ದೊಡ್ಡ ತಿರುಪಿಗೆ ಉದ್ದನೆಯ ಸಲಾಕೆ ಜೋಡಿಸಿ, ಅಂಗಳದಲ್ಲೇ ನಿಂತು ಅದನ್ನು ಮುಚ್ಚುವಂತೆ ಮಾಡಿದ. ಹುಲಗೆಮ್ಮ ಮರಳಿ ಬಂದಳು. ಎರಡೂ ಬಾಗಿಲು ತೆರೆದು ಮುಚ್ಚಿ ನೋಡದೆ ಅವಳು ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಹೊಸ ಕೆಲಸದವರು ನಗುತ್ತಿದ್ದರು. ಅವಳು ಕೇಳದವಳಂತೆ ಇರುತ್ತಿದ್ದಳು.

೧೯೪೮ರಲ್ಲಿ, ನಿಜಾಮನ ಆಳ್ವಿಕೆಯ ಕೊನೆಯ ಗಲಾಟೆಯಲ್ಲಿ, ಜನ ಊರು ಬಿಟ್ಟು ಸಂಸ್ಥಾನದ ಗಡಿಯಾಚೆ ಹೋಗತೊಡಗಿದರು. ಕಳಕಪ್ಪನ ಮನೆಯವರು ಮೊದಲೇ ಹೋಗಿದ್ದರು. ಓಬಳೆಪ್ಪನ ಹೆಂಡತಿ ಸುಂಕಲಮ್ಮ ಗಂಟು ಕಟ್ಟಿಟ್ಟು ಕಾಯುತ್ತಿದ್ದರೂ ಅವನು ಕಾರ್ಖಾನೆ ಬಿಟ್ಟು ಏಳಲಿಲ್ಲ. ತುಂಬಿದ ಕೊಳವೆಗಳನ್ನು ಯಾರಾದರೂ ತಿಳಿಯದೆ ಒಡೆದರೆ ಸ್ಟೇಷನ್ನಿನ ಸುತ್ತಲಿನ ಮನೆಗಳಿಗೆ ಅಪಾಯ. ಇಬ್ರಾಹಿಂಸಾಬ ಅವನ ಜೊತೆ ನಿಂತ. ಇಬ್ಬರೂ ಸೇರಿ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ನೀರಿನ ತೊಟ್ಟಿಗೆ ಬಿಟ್ಟು ಕರಗಿಸಿದರು, ನೀರು ತೀಕ್ಷ್ಣವಾದಂತೆ ಚೆಲ್ಲಿ ಮತ್ತೆ ತುಂಬಿದರು. ಕೊಳವೆಗಳು ಪೂರ್ತಿ ಬರಿದಾದ ಮೇಲೆ ಓಬಳೆಪ್ಪ ಹೆಂಡತಿಯನ್ನು ಕರೆದುಕೊಂಡು ಗಡಿಯಾಚೆಯ ಗಜೇಂದ್ರಗಡದ ದಾರಿ ಹಿಡಿದ. ಇಬ್ರಾಹಿಂಸಾಬ ಊರಿನಲ್ಲೇ ಉಳಿದ.

ಗಲಾಟೆ ಅಡಗಿದ ಮೇಲೆ ಓಬಳೆಪ್ಪ ಹಿಂತಿರುಗಿದಾಗ ಬೀಗ ಹಾಗೇ ಇತ್ತು. ಕೊಳವೆಗಳಿಗೆ ತುಕ್ಕು ಹಿಡಿದಿತ್ತು, ಕಾರ್ಖಾನೆ ಮತ್ತೆ ನಡೆಯಬೇಕಾದರೆ ಎಲ್ಲವನ್ನೂ ಬಿಚ್ಚಿ ಕೂಡಿಸಬೇಕಿತ್ತು. ಏಣಿ ಹತ್ತಲು ಕೆಮ್ಮು ಹತ್ತಿದ ಅವನ ಎದೆ ಬಿಡಲಿಲ್ಲ. ಕೆಳಗೆ ಚೀಲದ ಮೇಲೆ ಕೂತು, ಯಾವ ಕೂಡಿಯನ್ನು ಎಷ್ಟು ಬಿಗಿಯಬೇಕೆಂದು ಹೇಳುತ್ತಿದ್ದ. ಇಬ್ರಾಹಿಂಸಾಬ ಮೇಲೆ ನಿಂತು ಬಿಗಿಯುತ್ತಿದ್ದ.