ಇಂಕೊರೊನಾತಾಳ ಮೇಜು

ಇಟಲಿಯವರೇ ಮರೆತಿರುವ ನಮ್ಮ ಮೊಲೀಸೆ ಸೀಮೆಯ ಗುಡ್ಡದೂರಿಗೆ ದಾರಿ ತಪ್ಪಿ ಬಂದವರು ತಂಗಲು ಜಾಗ ಕೇಳಿದರೆ ಎಲ್ಲರ ಕೈಯೂ ಇಂಕೊರೊನಾತಾಳ ಮನೆಯತ್ತ ತಿರುಗುತ್ತದೆ. ಮೂರು ಕೋಣೆ, ಒಂದೇ ಊಟದ ಮೇಜು. ಬೋರ್ಡೂ ಇಲ್ಲ, ಮೆನುವೂ ಇಲ್ಲ. ತಟ್ಟೆ ಖಾಲಿ ಮಾಡಿದರೆ "ಪಾಪ, ಹೊಟ್ಟೆ ತುಂಬಿಲ್ಲ!" ಎಂದು ಕೈಯಲ್ಲಿ ಒತ್ತಿದ ಪಾಸ್ತಾ ಮತ್ತೆ ಸುರಿಯುತ್ತಾಳೆ, ಒಂದು ತುತ್ತು ಬಿಟ್ಟರೆ "ಮೈ ಹುಷಾರಿಲ್ವೇನಪ್ಪ?" ಎಂದು ಕೋಳಿಸಾರು ತರುತ್ತಾಳೆ. ಪಾರಾಗುವ ದಾರಿಯೇ ಇಲ್ಲ. ಪಕ್ಕದೂರಿನ ಹೋಟೆಲನ್ನು ಹೊಗಳಿದರೆ, "ಹಾಸಿಗೆ ಚೆನ್ನಾಗಿದೆಯಂತೆ. ಹಸಿದೋರಿಗೆ ನಿದ್ದೆ ಎಲ್ಲಿಂದ ಬರ್ಬೇಕು?" ಅನ್ನುತ್ತಾಳೆ. ಯಾರು ಎಲ್ಲಿ ಕೂರಬೇಕೆನ್ನುವುದೂ ಅವಳದೇ ಅಪ್ಪಣೆ. ಚಳಿಗೆ ನಡುಗುವವರು ಒಲೆಗೆ ಬೆನ್ನು ಮಾಡಿ, ಜಗಳವಾಡಿಕೊಂಡು ಬಂದ ಗಂಡಹೆಂಡಿರು ಅಕ್ಕಪಕ್ಕ: "ಎದುರುಬದುರು ಕೂತ್ರೆ ಮುಖ ನೋಡಿ ಮತ್ತೆ ಶುರುವಾಗುತ್ತೆ." ಇದರಲ್ಲಿ ಅವಳ ಲೆಕ್ಕ ತಪ್ಪಿದ್ದನ್ನು ಊರು ಕಂಡಿಲ್ಲ. ಮೊನ್ನೆ ಮಿಲಾನಿನಿಂದ ಬಂದಿದ್ದ ಹೆಂಗಸೊಬ್ಬಳು ಎದ್ದು ಅವಳ ಕೈಯಿಂದ ಸೌಟು ಕಿತ್ತುಕೊಂಡಳು: "ಇವತ್ತು ನೀವು ಕೂತ್ಕೊಳ್ಳಿ ಅಮ್ಮಾ, ನಾನು ಬಡಿಸ್ತೀನಿ." ಇಂಕೊರೊನಾತಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಎರಡು ಕುರ್ಚಿ ಖಾಲಿಯಿದ್ದವು. ಎರಡನ್ನೂ ದಾಟಿ ಮೊದಲು ನಿಂತಿದ್ದಲ್ಲಿಗೇ ಬಂದು, ತೀರಾ ಸಣ್ಣ ದನಿಯಲ್ಲಿ ಕೇಳಿದಳು: "ನಾನೆಲ್ಲಿ ಕೂತ್ಕೊಳ್ಳಲಿ?"