ಡಿಕ್ಕಿಯಲ್ಲಿ ಮಲಗಿ ಕೇಳುವಾಕೆ

ಮಂಡಿಯನ್ನು ಎದೆಗೆ ತಾಗುವಷ್ಟು ಮಡಚಿ, ಬಲಗಿವಿಯನ್ನು ಕೆಳಗಿನ ನೆಲಹಾಸಿಗೆ ಒತ್ತಿಕೊಂಡು, "ಹಾಕಿ" ಎನ್ನುತ್ತಾಳೆ ಅವಳು. ಡಿಕ್ಕಿಯ ಮುಚ್ಚಳ ಮೆತ್ತಗೆ ಇಳಿದು ಕಚ್ಚಿಕೊಳ್ಳುತ್ತದೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಒಳಗೆ, ಒಳಗಿನಿಂದ ತೆರೆಯುವ ಹಿಡಿಕೆಯೊಂದು ಮುಖದ ಬಳಿ ಹಸಿರಾಗಿ ಹೊಳೆಯುವುದನ್ನು ಬಿಟ್ಟರೆ ಪೂರ್ತಿ ಕತ್ತಲೆ. ಕಾರು ಹೊರಡುತ್ತದೆ. ಮೊದಲು ಕಲ್ಲು ಹಾಸಿದ ಹಾದಿ, ಆಮೇಲೆ ಉಬ್ಬುಗಳ ಹಾದಿ. ಎಲ್ಲೋ ಮುಂದೆ, ಯಾರೋ ಬೆರಳಗೆಣ್ಣಿನಿಂದ ತಟ್ಟಿದಂಥ ಸದ್ದು ಬರಬೇಕು. ಬರುವುದಿಲ್ಲ.

ಕಾರು ನಿಂತ ಮೇಲೆ ಮೇಲ್ವಿಚಾರಕರು ಪಕ್ಕದ ಸೀಟಿನಿಂದ ಇಳಿಯುತ್ತಾರೆ, ಚಾಲಕ ಬಂದು ಮುಚ್ಚಳ ಎತ್ತುತ್ತಾನೆ. "ಏನಾದ್ರೂ ಕೇಳಿಸ್ತಾ?"

"ನಿಮ್ಮ ಹೊಟ್ಟೆ ಗುಡುಗಿದ್ದು ಕೇಳಿಸ್ತು ಭಾವ. ಬೇರೇನೂ ಇಲ್ಲ."

ಐಷಾರಾಮಿ ಕಾರುಗಳನ್ನು ಜೋಡಿಸುವ ಈ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಡಿಕ್ಕಿ ಅಕ್ಕ. ಚಾಲಕ ಎಲ್ಲರಿಗೂ ಭಾವ. ಜೋಡಣೆ ಮುಗಿದ ಪ್ರತಿಯೊಂದು ಕಾರಿನ ಡಿಕ್ಕಿಯಲ್ಲೂ ಮಲಗಿ, ಕಿರುಗುಟ್ಟುವ ಸ್ಕ್ರೂ, ನಡುಗುವ ಗಾಜು, ಸರಿಯಾಗಿ ಕೂರದ ತಗಡು ಯಾವುದು ಎಂದು ಹೇಳುವುದು ಅವಳ ಕೆಲಸ. ದಿನಕ್ಕೆ ಮೂವತ್ತು ಕಾರು. ಮೈಕುಗಳಿವೆ, ಯಂತ್ರಗಳಿವೆ, ಆದರೂ ಎಲ್ಲ ಸರಿಯಿದೆ ಎನ್ನುವ ಕೊನೆಯ ಹಸಿರು ಚೀಟಿ ಅಂಟಿಸುವವಳು ಇವಳೇ. ಮೊದಲು ಹೊಲಿಗೆ ವಿಭಾಗದಲ್ಲಿದ್ದಳು. ಒಂದು ದಿನ ಪಕ್ಕದ ಸಾಲಿನ ಯಂತ್ರ "ಕೆಮ್ತಾ ಇದೆ" ಎಂದಳಂತೆ. ಮಧ್ಯಾಹ್ನದೊಳಗೆ ಅದು ಕೆಟ್ಟು ಕೂತಿತು. ಮರುವಾರವೇ ಅವಳನ್ನು ಇಲ್ಲಿಗೆ ಹಾಕಿದರು. ಆಗಿನಿಂದ ಬೆನ್ನುನೋವು, ಕತ್ತುನೋವು ಎರಡೂ ಅಂಟಿಕೊಂಡಿವೆ.

ಮನೆಯಲ್ಲಿ ಈ ಕಿವಿಗೆ ಯಾವ ಮರ್ಯಾದೆಯೂ ಇಲ್ಲ. ಎರಡು ಕೋಣೆಯ ಮನೆ. ಕಿಟಕಿಯ ಸಂದಿಗೆಲ್ಲ ಅವಳು ಕಾಗದ ಮಡಚಿ ತುರುಕಿದ್ದಾಳೆ. "ನೆಂಟರು ಬಂದ್ರೆ ಮೊದ್ಲು ಅವರ ಕುರ್ಚಿ ಅಲ್ಲಾಡಿಸಿ ನೋಡ್ತಾಳೆ" ಎಂದು ಅತ್ತೆ ದೂರುತ್ತಾರೆ. "ಇವಳ ಕಿವಿಗೊಂದು ಚಿಲಕ ಇಡೋಕೆ ದೇವ್ರು ಮರೆತ." ಗಂಡ ಗೊರಕೆಯ ಮಾತು ಬಂದರೆ ಸಾಕು, ಎದ್ದು ಹೋಗುತ್ತಾನೆ.

ಮೂರು ವಾರದಿಂದ ಅವಳು ಒಂದೇ ಕಾರಿನ ಹಿಂದೆ ಬಿದ್ದಿದ್ದಾಳೆ. ವಯಸ್ಸಾದ ಕಣ್ಣಿನ ಡಾಕ್ಟರೊಬ್ಬರು ಅದನ್ನು ವಾಪಸು ತಂದು ನಿಲ್ಲಿಸಿದ್ದಾರೆ. ಕಾರಿನೊಳಗೆ ಯಾರೋ ತಟ್ಟುತ್ತಾರೆ ಎನ್ನುವುದು ಅವರ ದೂರು. ಬೇರೆ ಯಾರಾದರೂ ಜೊತೆಗೆ ಬಂದರೆ ಸದ್ದಿಲ್ಲ. ತಾವು ಒಬ್ಬರೇ ಇದ್ದಾಗ ಮಾತ್ರ. "ಇಲ್ಲಿ ಜೋಡಿಸಿದ್ದಕ್ಕೇ ಹೀಗೆ. ಅಲ್ಲಿ ಜೋಡಿಸಿದ್ದನ್ನೇ ಕೊಡಿ" ಎನ್ನುತ್ತಾರೆ ಅವರು. ಅಲ್ಲಿ ಎಂದರೆ ಮೂಲ ಕಂಪನಿಯ ದೇಶ. ಬಿಡಿಭಾಗಗಳೆಲ್ಲ ಅಲ್ಲಿಂದಲೇ ಮರದ ಪೆಟ್ಟಿಗೆಯಲ್ಲಿ ಬರುತ್ತವೆ, ಕೂಡಿಸುವ ಕೈ ಮಾತ್ರ ಇಲ್ಲಿಯದು. ಕೆಲವು ಕಾರುಗಳು ಪೂರ್ತಿ ಸಿದ್ಧವಾಗಿ ಹಡಗಿನಲ್ಲಿ ಬರುವುದೂ ಉಂಟು. ಕೊಳ್ಳುವವರು ಅವನ್ನು ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾರೆ.

ಡಾಕ್ಟರ ಕಾರಿಗೆ ಹಸಿರು ಚೀಟಿ ಅಂಟಿಸಿದವಳು ಅವಳೇ. ತಪ್ಪು ಇಲ್ಲಿಯದೇ ಎಂದಾದರೆ ಈ ಮಾದರಿಯ ಜೋಡಣೆ ನಿಲ್ಲಿಸುವುದಾಗಿ ಮೂಲ ಕಂಪನಿ ಹೇಳಿದೆ. ಸಾಲು ನಿಂತರೆ ಮೊದಲು ಮನೆಗೆ ಹೋಗುವವಳು ಡಿಕ್ಕಿ ಅಕ್ಕನೇ.

"ಕೆಲಸ ಹೋದ್ರೆ ಹೊಲಿಗೆಗೆ ಹೋಗ್ತೀನಿ," ಎನ್ನುತ್ತಾಳೆ. "ಆದ್ರೆ ನನಗೆ ಕೇಳಿಸದೇ ಇದ್ದದ್ದು ಅವರಿಗೆ ಹೇಗೆ ಕೇಳಿಸ್ತು? ಅದು ಬಿಡ್ತಾ ಇಲ್ಲ ನನ್ನ."

ಮರುದಿನ ಮೇಲ್ವಿಚಾರಕರು ಬರುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಚಾಲಕನ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಅವರು ಕೂರಬೇಕು. ಕಾರ್ಖಾನೆ ಶುರುವಾದಾಗಿನ ನಿಯಮ. "ಆ ಕಾರಲ್ಲಿ ನಾನೊಬ್ನೇ ಹೋಗಲ್ಲಮ್ಮ" ಎಂದು ಭಾವ ಹಿಂಜರಿಯುತ್ತಾನೆ. "ಒಬ್ನೇ ಎಲ್ಲಿ, ಹಿಂದೆ ನಾನಿಲ್ವಾ?" ಎಂದು ಅವಳೇ ಹತ್ತಿ ಮಲಗುತ್ತಾಳೆ.

ಕಲ್ಲು ಹಾಸಿನ ಹಾದಿ ಮುಗಿಯುವ ಮುನ್ನವೇ ಕೇಳಿಸುತ್ತದೆ. ಟಕ್. ಸ್ವಲ್ಪ ಬಿಟ್ಟು, ಟಕ್ ಟಕ್. ಬಾಗಿಲ ಹೊರಗೆ ನಿಂತವರು ಒಳಗಿನವರ ಉತ್ತರಕ್ಕೆ ಕಾದು, ಮತ್ತೆ ತಟ್ಟಿದ ಹಾಗೆ.

"ಭಾವ, ತಮಾಷೆ ಸಾಕು," ಎಂದು ಕತ್ತಲೆಯಿಂದಲೇ ಕೂಗುತ್ತಾಳೆ.

ಮುಂದಿನಿಂದ ಸಣ್ಣ ದನಿ ಬರುತ್ತದೆ: "ತಟ್ತಿರೋದು ನೀನಲ್ವಾ?"

ಭಾವ ಕಾರಿನ ವೇಗ ತಗ್ಗಿಸುತ್ತಾನೆ. ಸದ್ದು ಸುಮ್ಮನಾಗುವುದಿಲ್ಲ.

ಅವಳು ಹಿಂದಿನ ಸೀಟು ಮಡಚಿ, ತೆವಳಿ ಮುಂದೆ ಬರುತ್ತಾಳೆ. ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಎಳೆದು ಹಾಕಿಕೊಂಡ ಕೂಡಲೇ ನಿಶ್ಶಬ್ದ. ಬೆಲ್ಟು ಬಿಚ್ಚುತ್ತಾಳೆ. ಟಕ್. ತಲೆ ತಿರುಗಿಸಿ ನೋಡಿದರೆ, ಬಳಸದೆ ನೇತಾಡುವ ಬೆಲ್ಟಿನ ಲೋಹದ ನಾಲಿಗೆ ಎರಡು ಬಾಗಿಲ ನಡುವಿನ ಕಂಬದ ಪ್ಲಾಸ್ಟಿಕ್ಕಿಗೆ ಬಡಿಯುತ್ತಿದೆ. ಭಾವ ಹಣೆ ಒರೆಸಿಕೊಂಡು ನಗುತ್ತಾನೆ. ಅವಳಿಗೆ ನಗು ಬರುವುದಿಲ್ಲ.

"ಇಷ್ಟು ವರ್ಷ ಕೇಳಿದೀವಿ," ಎನ್ನುತ್ತಾಳೆ. "ಒಂದು ದಿನಾನೂ ಆ ಸೀಟು ಖಾಲಿ ಬಿಟ್ಟು ಕೇಳಿಲ್ಲ."

ಷೋರೂಮಿನಿಂದ ಅದೇ ಮಾದರಿಯ, ಹಡಗಿನಲ್ಲಿ ಇಡಿಯಾಗಿ ಬಂದ ಕಾರನ್ನು ತರಿಸಿ, ಪಕ್ಕದ ಸೀಟು ಖಾಲಿ ಬಿಟ್ಟು ಅದೇ ಹಾದಿಯಲ್ಲಿ ಓಡಿಸುತ್ತಾರೆ. ಟಕ್. ಟಕ್ ಟಕ್. ಅದೇ ಅಂತರ, ಅದೇ ಕಾಯುವಿಕೆ. ಅಲ್ಲಿಯ ಕೈಗೂ ಇಲ್ಲಿಯ ಕೈಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಮ್ಯಾನೇಜರ್ ಎರಡು ಸಲ ಕೇಳಿ, ಮೂಲ ಕಂಪನಿಗೆ ಫೋನು ಮಾಡಲು ಓಡುತ್ತಾರೆ. ಡಿಕ್ಕಿ ಅಕ್ಕನ ಕೆಲಸ ಉಳಿಯುತ್ತದೆ.

ಮಧ್ಯಾಹ್ನ ಡಾಕ್ಟರು ಬರುತ್ತಾರೆ. ಎರಡು ಕಾರಿನ ಸದ್ದನ್ನೂ ಕೇಳಿಸಿಕೊಂಡು, ಕತ್ತು ಬಗ್ಗಿಸಿ ನಿಲ್ಲುತ್ತಾರೆ.

"ಮುಂಚೆ ಪಕ್ಕದಲ್ಲಿ ಯಾರು ಕೂರ್ತಿದ್ರು ಸಾರ್?" ಎಂದು ಅವಳು ಕೇಳುತ್ತಾಳೆ.

"ನಮ್ಮ ಮನೆಯವಳು. ಕಾರು ತಗೊಂಡ ವರ್ಷವೇ ತೀರಿಹೋದಳು."

ಅವಳು ಬಗ್ಗಿ, ಖಾಲಿ ಸೀಟಿಗೆ ಬೆಲ್ಟು ಎಳೆದು ಹಾಕುತ್ತಾಳೆ. "ಒಬ್ರೇ ಹೋಗೋವಾಗ ಹೀಗೆ ಹಾಕಿಬಿಡಿ ಸಾರ್. ಸದ್ದು ಬರಲ್ಲ." ತಾನು ಹಿಂದೆ ಕೂರುತ್ತಾಳೆ. ಡಾಕ್ಟರೇ ಕಾರು ಓಡಿಸುತ್ತಾರೆ. ಕಲ್ಲು, ಉಬ್ಬು, ತಿರುವು. ಒಂದು ಸಣ್ಣ ಸದ್ದೂ ಇಲ್ಲ. ಅವಳಿಗೆ ಅಷ್ಟು ನಿಶ್ಶಬ್ದವಾದ ಕಾರನ್ನು ಕೇಳಿದ ನೆನಪಿಲ್ಲ.

ಹಾದಿಯ ಕೊನೆಯಲ್ಲಿ ಡಾಕ್ಟರು ಕಾರು ನಿಲ್ಲಿಸಿ ಪಕ್ಕಕ್ಕೆ ನೋಡುತ್ತಾರೆ. ಭುಜದಿಂದ ಸೊಂಟಕ್ಕೆ ಇಳಿದ ಬೆಲ್ಟು, ತುಂಬ ಸಣಕಲು ಮೈಯೊಂದನ್ನು ಹಿಡಿದ ಹಾಗೆ ಬಿಗಿಯಾಗಿದೆ. ಅವರು ಕೈ ಚಾಚಿ ಕೆಂಪು ಗುಂಡಿ ಒತ್ತುತ್ತಾರೆ. ಬೆಲ್ಟು ಸರಸರ ಮೇಲೆ ಓಡಿ ಕಂಬಕ್ಕೆ ಒಂದು ಸಲ ಬಡಿಯುತ್ತದೆ.

"ಯಾಕೆ ಸಾರ್, ಸದ್ದು ನಿಂತಿತ್ತಲ್ಲ? ಮತ್ತೆ ಹಾಕ್ಲಾ?"

"ಬೇಡ, ತಟ್ತಾ ಇರಲಿ," ಎನ್ನುತ್ತಾರೆ ಡಾಕ್ಟರು.